ಎದುರಾಳಿಯ ಸೊನ್ನೆ

ಇಪ್ಪತ್ತಾರು ವರ್ಷದ ಮೇಲೆ ಮತ್ತೆ ಮೇಲಿನ ಡಿವಿಜನ್.
ಮೇ ತಿಂಗಳಲ್ಲಿ ಆಶ್‌ಬ್ರಿಜ್ ಕುಣಿದದ್ದೇ ಕುಣಿದದ್ದು;
ಬೇಕರಿಯ ವಿನಿಫ್ರೆಡ್ ಪೈಗಳಿಗೂ ನೀಲಿ ಬಳಿದಳು,
ಯಾರೂ ತಿನ್ನಲಿಲ್ಲ.

ಆಗಸ್ಟ್‌ನಿಂದ ನಮ್ಮದು ಒಂದೇ ಕಸುಬು:
ನಾನು ಏಣಿ ಹಿಡಿಯುವುದು,
ಕ್ಲಿಫರ್ಡ್ ಹತ್ತಿ ಎದುರಾಳಿಯ ಅಂಕಿ ಬದಲಿಸುವುದು.
ಒಂದು. ಎರಡು. ನಾಲ್ಕು,
ಮೂರನ್ನು ತೂಗುಹಾಕಲೂ ಪುರುಸೊತ್ತಿಲ್ಲ.
ಒಮ್ಮೆ ಆರರ ತಗಡು ಸಿಗದೆ
ಒಂಬತ್ತನ್ನು ತಲೆಕೆಳಗು ಮಾಡಿದ.
'ಲಂಡನ್ನಿನವರು, ಪಾಪ, ದೂರದಿಂದ ಬಂದಿದ್ದಾರೆ' ಅಂದ.
ನಗಲಿಲ್ಲ.
ನಮ್ಮ ಕಡೆಯ ಸೊನ್ನೆಗೆ ಮೊಳೆಯಲ್ಲೇ ತುಕ್ಕು.

ಇವತ್ತು ನವೆಂಬರ್. ಲ್ಯಾಂಕಶೈರಿನ ಮಂಜಿಗೆ
ಗಿರಣಿಯ ಚಿಮಣಿ ಅರ್ಧಕ್ಕೇ ಮುಗಿದಿದೆ.
ಎಂಬತ್ತೆಂಟನೇ ನಿಮಿಷ.
ಅವರ ಚೆಂಡು ಕಂಬಕ್ಕೆ ಬಡಿದು ಟಣ್ ಅಂದದ್ದು
ನನ್ನ ಹಲ್ಲಿಗೆ ಕೇಳಿಸಿತು.
ಕ್ಲಿಫರ್ಡ್ ಆಗಲೇ ಒಂದರ ತಗಡು ಎತ್ತಿಕೊಂಡು
ಮೂರನೇ ಮೆಟ್ಟಿಲಲ್ಲಿ.

ಸೀಟಿ.
ಸೊನ್ನೆ, ಸೊನ್ನೆ.

ಜನ ಹೋದರು, ದೀಪ ಹೋಯಿತು.
ಅವನಿನ್ನೂ ಏಣಿಯ ಮೇಲೆ,
ಕೋಟಿನ ತೋಳಿನಿಂದ ಅವರ ಸೊನ್ನೆಯನ್ನು ಒರೆಸುತ್ತಿದ್ದಾನೆ,
ಅಳಿಸಿಹೋಗದ ಹಾಗೆ, ಮೆಲ್ಲಗೆ.
'ಇಳಿಯೋ ಮಾರಾಯ' ಅಂದೆ.
'ತಡಿ. ಇದನ್ನು ಇಷ್ಟು ಹೊತ್ತು ನೋಡಿಯೇ ಇರಲಿಲ್ಲ.'