ಮನೆಯವನ ಸೂಜಿ

ಆಪಿಯಾದಲ್ಲಿ ನನ್ನ ಮಾವ ತುಇಸಾವೊ ಹಚ್ಚೆ ಹೊಡೆಯುತ್ತಾನೆ.
ಅವನು ಕೋಲು ತಟ್ಟುವಾಗ
ಚರ್ಮ ಬಿಗಿಹಿಡಿದು ರಕ್ತ ಒರೆಸುವವನು ನಾನು.
ಒಬ್ಬೊಬ್ಬರಿಗೂ ಬೇರೆ ಉಕ್ಕಿನ ಹಣಿಗೆ,
ಕುದಿನೀರು, ಸ್ಪಿರಿಟ್ಟು, ಎರಡು ಜೊತೆ ಗವಸು;
ನೊಣ ಕೂತರೂ ಕೆಲಸ ನಿಲ್ಲಿಸಿ
ಮತ್ತೆ ಮೊದಲಿನಿಂದ ತೊಳೆ ಅನ್ನುತ್ತಾನೆ.

ತನ್ನ ಸಕ್ಕರೆಗೆ ಮಾತ್ರ
ಅಕ್ಟೋಬರಿನ ಮಕ್ಕಳ ಭಾನುವಾರ ಹಾಕಿದ ಲ್ಯಾನ್ಸೆಟ್ಟೇ
ಇನ್ನೂ ಪೆನ್ನಿನಲ್ಲಿದೆ. ಚರ್ಚಿನಲ್ಲಾಗಲೇ
ಕ್ರಿಸ್‌ಮಸ್ ಹಾಡು ಕಲಿಯುತ್ತಿದ್ದಾರೆ.
ಪಟ್ಟಿಗೆ ದುಡ್ಡು ಸುರಿಯಲೇಬೇಕು, ಒಂದಕ್ಕೆ ಒಂದೇ ಹನಿ.
ಸೂಜಿ ಹಾಗಲ್ಲವಂತೆ, ಸೂಜಿ ಕಬ್ಬಿಣ,
ಕಬ್ಬಿಣಕ್ಕೇನು ಮುಪ್ಪು?

ಈ ಭಾನುವಾರ ಟ್ಯಾರೊ ಗಡ್ಡೆ, ತೆಂಗಿನಹಾಲಿನ ಊಟ ಮುಗಿಸಿ
ಬೆರಳು ಚಾಚಿದ. ಟಿಕ್.
ಹನಿಯಿಲ್ಲ.
ಟಿಕ್. ಹಿಂಡಿದೆ. ಬಿಳಿಚಿತು ಅಷ್ಟೆ.
ಮೂರನೆಯದಕ್ಕೆ,
ಹನ್ನೆರಡು ದಿನ ಸೊಂಟದಿಂದ ಮೊಣಕಾಲಿಗೆ
ಹಚ್ಚೆ ಹೊಡೆಸಿಕೊಂಡಾಗ ಉಸಿರೆತ್ತದವನು
"ಅವೊಯಿ!" ಅಂದ.
ನಗು ಬಂತು. ನುಂಗಿಕೊಂಡೆ.

"ನಿನಗೂ ಹೊಸದೊಂದು..." ಅಂದರೆ
"ಚಾಪೆಗೆ ಬಂದವರು ನೆಂಟರು ಕಣೋ, ನಾನು ಮನೆಯವನು."

ಅವನು ಮಲಗಿದ ಮೇಲೆ ಪೆನ್ನು ಬಿಚ್ಚಿದೆ.
ಬೆಳಕಿಗೆ ಹಿಡಿದರೆ ತುದಿ ಬಾಗಿತ್ತು,
ಮೀನು ತಪ್ಪಿಸಿಕೊಂಡ ಗಾಳದ ಹಾಗೆ.
ಹೊಸದು ಕೂರಿಸಿದೆ. ಹಳೆಯದನ್ನು
ನೆಂಟರದು ಹಾಕುವ ಹಳದಿ ಡಬ್ಬಿಗೇ ಹಾಕಿದೆ.

ಬೆಳಿಗ್ಗೆ ಒಂದೇ ಟಿಕ್. ಹನಿ ದುಂಡಗೆ ಎದ್ದು ಕೂತಿತು.
ಮಾವ ಬೆರಳು ನೋಡಿದ, ಪೆನ್ನು ನೋಡಿದ,
ನನ್ನನ್ನು ನೋಡಲಿಲ್ಲ.
"ಹನ್ನೊಂದು ಪಾಯಿಂಟ್ ನಾಲ್ಕು, ಬರಕೊ" ಅಂದ.
"ಚಾಪೆ ಹಾಸು. ಒಂಬತ್ತಕ್ಕೆ ಒಬ್ಬ ಬರುತ್ತಾನೆ."