ಕೈಗುಣ

ಮೈನಸ್ ಇಪ್ಪತ್ತೆರಡು. ಔಲು ಊರಿನ ಬೆಳಗು.
ಬೆಳಗೆನ್ನುವುದು ಗಡಿಯಾರದ ಮಾತು, ಆಕಾಶಕ್ಕೆ ಸುದ್ದಿ ಮುಟ್ಟಿಲ್ಲ.
ಹಿಮ ಗೋರುವ ಗಾಡಿ ಈಗಷ್ಟೇ ಹೋಗಿದೆ,
ಸೈಕಲ್ ದಾರಿ ರವೆ ಹರವಿದ ತಟ್ಟೆ.
ಮೊಳೆ ಹೊಡೆದ ಟೈರು ಕರಕರ ಅಗಿಯುತ್ತ ಹೊರಡುತ್ತದೆ.

ಮೊದಲು ಸಾಯುವುದು ಉಂಗುರದ ಬೆರಳು.
ಉಂಗುರ ತೆಗೆದು ಒಂಬತ್ತು ವರ್ಷ, ಆದರೂ ಅದೇ ಮೊದಲು.
ಆಮೇಲೆ ನಡುಬೆರಳು, ಕಿರುಬೆರಳು,
ಗೆರೆ ಎಳೆದ ಹಾಗೆ ಬಿಳಿ:
ಗೆರೆಯ ಈಚೆ ನಾನು, ಆಚೆ ಮೇಣದ ಬತ್ತಿ.
ಹೆಬ್ಬೆಟ್ಟು ಮಾತ್ರ ಕೊನೆಯವರೆಗೂ ಜೊತೆಗಿರುತ್ತದೆ,
ಬೆಲ್ಲು ಬಾರಿಸಲು ಅಷ್ಟು ಸಾಕು.

ಡಾಕ್ಟರು ಹಿಲ್ಕಾ ಹೇಳಿದ್ದಳು:
"ತಪ್ಪು ಕೈಯದಲ್ಲ. ಮೈ ಜಿಪುಣ.
ಚಳಿ ಕಂಡರೆ ನೆತ್ತರನ್ನೆಲ್ಲ ಒಳಕೋಣೆಗೆ ಎಳೆದುಕೊಂಡು
ಚಿಲಕ ಹಾಕಿಕೊಳ್ಳುತ್ತದೆ.
ಕೈಗಿಂತ ಮೊದಲು ಹೊಟ್ಟೆಗೆ ಉಣ್ಣೆ ಸುತ್ತು, ಕುತ್ತಿಗೆಗೆ ಸುತ್ತು.
ಯಜಮಾನರು ಉಂಡರೆ ಆಳಿಗೂ ಗಂಜಿ."
ಅಂದರೆ ಲಂಚ.
ನನ್ನ ಕೈ ಬೆಚ್ಚಗಾಗಲು ಎದೆಯ ಕೈ ಬೆಚ್ಚಗೆ ಮಾಡಬೇಕು.
"ಮತ್ತೆ, ಕಾಫಿ ಬಿಡು" ಎಂದಳು.
ಈ ದೇಶದಲ್ಲಿ ಹಾಗೆನ್ನುವುದು ಗಡೀಪಾರಿಗೆ ಸಮ.
ಅರ್ಧ ಬಿಟ್ಟೆ.

ಎಲ್ಲ ಮಾಡಿ ನೋಡಿದ್ದೇನೆ.
ಬಿಗಿ ಗ್ಲೌಸು ಇದ್ದ ನೆತ್ತರನ್ನೂ ಹಿಂಡಿತು.
ಬ್ಯಾಟರಿ ಗ್ಲೌಸು ಸೇತುವೆಯ ನಟ್ಟನಡುವೆ ಪ್ರಾಣ ಬಿಟ್ಟಿತು.
ಜೇಬಿನಲ್ಲಿ ಬೇಯಿಸಿದ ಆಲೂಗಡ್ಡೆ, ಅಜ್ಜಿಯ ಉಪಾಯ;
ಆರಿದ ಮೇಲೆ ತಿನ್ನಬಹುದು, ಅದೊಂದು ಲಾಭ.
ಬ್ರೇಕಿನ ಉಕ್ಕಿಗೆ ಕಾರ್ಕಿನ ಪಟ್ಟಿ ಸುತ್ತಿದೆ,
ಉಕ್ಕು ಬೊಗಳದೆ ಕಚ್ಚುವ ನಾಯಿ.

ಕೊನೆಗೆ ಒದಗಿದ್ದು ತೌನೋನ ಕೋಟು.
ಕೈಕೊಟ್ಟು ಹೋದವನು ಅಟ್ಟದ ಮೇಲೆ ಮರೆತದ್ದು:
ಒಳಗೆ ಕುರಿಚರ್ಮ, ಎರಡು ಗುಂಡಿ ಇಲ್ಲ.
ತೋಳು ಎರಡನ್ನೂ ಕತ್ತರಿಸಿ
ಹ್ಯಾಂಡಲಿಗೆ ಹೊಲಿದೆ.
ಕತ್ತರಿ ಹಾಕುವಾಗ ಸುಖವಾಯಿತು, ಸುಳ್ಳೇಕೆ ಹೇಳಲಿ.
ಈಗ ದಿನವೂ ಅವನ ತೋಳಿನೊಳಗೆ ಕೈ ತೂರಿಸಿ
ಅವನಿಲ್ಲದ ಮನೆಗಳಿಗೆ ಹೋಗುತ್ತೇನೆ.
ಬೆಚ್ಚಗಿರುತ್ತದೆ. ಪೂರಾ ಅಲ್ಲ.

ಸೇತುವೆ ದಾಟಿ ಇಳಿದು
ಬಲದೋಳು ಗಿರಗಿರ ಬೀಸುತ್ತೇನೆ, ಆಮೇಲೆ ಎಡ,
ಕವಣೆಯವಳ ಹಾಗೆ, ನೆತ್ತರನ್ನು ತುದಿಬೆರಳಿಗೆ ಎಸೆಯಲು.
ನಾಯಿ ಹಿಡಿದ ಮುದುಕನೊಬ್ಬ ದೂರದಿಂದಲೇ
ತಾನೂ ಕೈಬೀಸುತ್ತಾನೆ.

ತುಯಿರಾದಲ್ಲಿ ಮೂರನೇ ಮಹಡಿ, ಮೂರು ದಿನದ ಕೂಸು.
ಬಾಗಿಲಲ್ಲೇ ಒಸ್ಸಿ, ಎಳೆಯ ತಂದೆ, ಮುಖದಲ್ಲಿ ಕಳೆಯಿಲ್ಲ:
"ಕೈ ನೀಲಿಯಾಗಿದೆ. ಎರಡೂ. ಪಾದವೂ. ನೋಡಿ."
ನೋಡಿದೆ. ತುಟಿ ಗುಲಾಬಿ, ನಾಲಗೆ ಗುಲಾಬಿ,
ಅಳು ಕಿಟಕಿಯ ಗಾಜು ಅಲುಗಿಸುವಷ್ಟು.
"ಏನಿಲ್ಲ" ಎಂದೆ, "ನೆತ್ತರು ಹೊಸದು.
ಊರಿನ ಕೊನೇ ಬೀದಿಗೆ ಇನ್ನೂ ದಾರಿ ಗೊತ್ತಿಲ್ಲ."
ಅವನು ನಂಬಲಿಲ್ಲ.
ಗ್ಲೌಸು ಕಳಚಿ ನನ್ನದನ್ನು ತೋರಿಸಿದೆ,
ಬಿಳಿ ನೀಲಿಗೆ ತಿರುಗುತ್ತಿತ್ತು, ಅದೇ ಹೊತ್ತಿಗೆ.
"ನನ್ನದು ಗೊತ್ತಿದ್ದ ದಾರಿಯನ್ನೇ ಮರೆತಿದೆ."
ಹಾಸಿಗೆಯಿಂದ ಸೈಮಿ ನಕ್ಕು, ಹೊಲಿಗೆ ನೋಯಿತೆಂದು ನಿಲ್ಲಿಸಿದಳು.

ಮುಟ್ಟುವ ಹಾಗಿಲ್ಲ ಇನ್ನೂ.
ಉಗುರುಬೆಚ್ಚನೆ ನೀರಿಗೆ ಕೈಯೊಡ್ಡಿ ನಿಂತೆ.
ಕೆಂಪು ಬಂತು, ಬರುವಾಗ ಕೆಂಜಿರುವೆ ದಂಡನ್ನೂ ಕರೆತಂದಿತು.
ಹಲ್ಲುಕಚ್ಚಿ ಕೂಸಿನ ಹೆಸರು ಕೇಳಿದೆ.
ಇನ್ನೂ ಇಟ್ಟಿಲ್ಲವಂತೆ.

ತೂಕ ಮೂರು ಸಾವಿರದ ನಾನೂರ ಹತ್ತು.
ಬರೆಯುವಾಗ ಪೆನ್ನು ಎರಡು ಸಲ ಜಾರಿತು.
ತೋರುಬೆರಳನ್ನು ಕೂಸು ಹಿಡಿದುಕೊಂಡಿತು,
ಎಲ್ಲ ಕೂಸುಗಳೂ ಹಿಡಿಯುವಂತೆಯೇ, ನೀಲಿ ಮುಷ್ಟಿಯಲ್ಲಿ.
ಯಾರು ಯಾರಿಗೆ ಶಾಖ ಕೊಟ್ಟರೋ,
ಇಬ್ಬರ ಬಳಿಯೂ ಹೆಚ್ಚಿರಲಿಲ್ಲ.
"ನಿಮ್ಮ ಕೈಗುಣ ಒಳ್ಳೆಯದು" ಎಂದಳು ಸೈಮಿ.
ಗುಣ ಇದ್ದೀತು. ಕೈ ಈಗಷ್ಟೇ ಬಂದು ತಲುಪಿದೆ.

ಕೆಳಗೆ ಬಂದರೆ, ಎಡತೋಳಿನ ಬಾಯಿ ಕಟ್ಟಲು ಮರೆತಿದ್ದೆ,
ಗಾಳಿ ಒಳಗೆಲ್ಲ ಹಿಮ ತುಂಬಿಟ್ಟಿದೆ.
ಬೈದೆ, ಕೋಟನ್ನೋ ಅದರ ಒಡೆಯನನ್ನೋ.
ಜಾಡಿಸಿ, ಉಸಿರೂದಿ,
ಕೈ ತೂರಿಸಿದೆ. ಇನ್ನೆರಡು ಮನೆ ಇದೆ.