ಎಡಗಡೆಯ ಹಾಳೆ

ಜೀಪಿನ ಟಾಪು ಹೊಲಿಯುವವಳು ನಾನು.
ಉಪ್ಪಳ್ಳಿ ತಿರುವಿನಲ್ಲಿ ಅಪ್ಪನ ಹೆಸರಿನದೇ ಬೋರ್ಡು,
ಒಳಗೆ ಅಪ್ಪನ ಕತ್ತರಿ, ಅಪ್ಪನ ಬೈಗುಳ, ನನ್ನ ಕೈ.
ಎಸ್ಟೇಟಿನ ಜೀಪುಗಳು ಬರುತ್ತವೆ ಟಾರ್ಪಾಲು ಹರಿದುಕೊಂಡು,
ನಾಯಿ ಕಚ್ಚಿದ ಸೀಟು, ಇಲಿ ಹೆತ್ತ ಸೀಟು,
ಮೆಣಸಿನ ಮೂಟೆ ಉಜ್ಜಿ ಉಜ್ಜಿ ಸವೆದ ಸೀಟು.
ಇಂಥದ್ದು ಮಾತ್ರ ಬಂದಿರಲಿಲ್ಲ.

ಸೊಂಟದೆತ್ತರವೂ ಇಲ್ಲದ ಕಾರು. ಎರಡೇ ಸೀಟು.
ಬಾಗಿಲಿಗೆ ಗಾಜಿಲ್ಲ, ಗಾಜು ಇಳಿಸುವ ಹಿಡಿಕೆಯೂ ಇಲ್ಲ;
ಅಲ್ಯುಮಿನಿಯಂ ಚೌಕಟ್ಟಿಗೆ ಪ್ಲಾಸ್ಟಿಕ್ಕಿನ ಹಾಳೆ,
ಬೇಕಾದಾಗ ನೆಟ್ಟು ಬೇಡದಾಗ ಕಿತ್ತಿಡುವ ಕಿಟಕಿ.
ಕಿತ್ತಿಟ್ಟ ದಿನವೇ ಮಳೆ ಬರುತ್ತೆ, ಅಂದರು ಅಚ್ಯುತ ಪೈಗಳು,
ನಲವತ್ತು ವರ್ಷದ ಲೆಕ್ಕ ಅದು, ತಪ್ಪಿಲ್ಲ.

ಕ್ಯೂರಿಂಗ್ ವರ್ಕ್ಸಿನಲ್ಲಿ ಲೆಕ್ಕ ಬರೆದವರು.
ಯಾರೋ ಸಾಹುಕಾರ ಕೊಡಬೇಕಾದ್ದು ಕೊಡಲಾರದೆ
ಕಾರು ಕೊಟ್ಟನಂತೆ. "ಬಡ್ಡಿಗೆ ಬಂದದ್ದು,
ಅಸಲು ಇನ್ನೂ ಬರಬೇಕು."

ಹಾಳೆಗೆ
ಒಲೆಯ ಮೇಲೆ ಮರೆತ ಚಹದ ಬಣ್ಣ.
ಬಲಗಡೆಯದಕ್ಕೆ ಮೂಲೆಯಿಂದ ಮೂಲೆಗೆ ಬಿರುಕು,
ಬಿರುಕಿಗೆ ಯಾವ ಕಾಲದ್ದೋ ಸೆಲ್ಲೋಟೇಪು, ಒಣಗಿ ಹಾವಿನ ಪೊರೆ.
ಎಡಗಡೆಯದಕ್ಕೆ ಬಿರುಕಿಲ್ಲ, ಮೈತುಂಬ ಗೀರು:
ಒಣ ಬಟ್ಟೆಯಲ್ಲಿ ಒರೆಸಿದವರ ಪ್ರೀತಿ.
"ಎದುರಿಂದ ಬರೋದು ಕಾಣುತ್ತೆ, ಪಕ್ಕದಿಂದ ಬರೋದು ಕಾಣೋಲ್ಲ.
ಮೊನ್ನೆ ಕೈಮರದ ಹತ್ರ ಒಂದು ಎಮ್ಮೆ..."
ಎಮ್ಮೆಯ ಕತೆ ಅವರು ಮುಗಿಸಲಿಲ್ಲ.

ಒಂದೊಂದು ಚೌಕಟ್ಟಿಗೆ ಹದಿನಾಲ್ಕು ರಿವೆಟ್.
ಡ್ರಿಲ್ಲಿಟ್ಟು ಮೆಲ್ಲಗೆ ಎಬ್ಬಿಸಿದರೆ ಬಿಳೀ ಹಿಟ್ಟು ಉದುರಿತು,
ಅಲ್ಯುಮಿನಿಯಂ ಮುಪ್ಪಾಗುವುದೇ ಹಾಗೆ.
ತೋಡಿನಲ್ಲಿ ಕರೀ ಬನಾತಿನ ಪಟ್ಟಿ, ಅದರೊಳಗೆ ಮಣ್ಣು,
ಒಂದು ಕಾಫಿ ಸಿಪ್ಪೆ, ಯಾರದೋ ಉದ್ದ ಕೂದಲು.
ಕೂದಲನ್ನು ಪೈಗಳಿಗೆ ತೋರಿಸಲಿಲ್ಲ.

ಬಿಸ್ಕತ್ತಿನ ರಟ್ಟಿನಲ್ಲಿ ನಮೂನೆ ಕತ್ತರಿಸಿದೆ.
ಬಲಗಡೆಯದು ಸರಿಯಾಗಿ ಕೂತಿತು.
ಎಡಗಡೆಯದಕ್ಕೆ ಹದಿಮೂರು ತೂತು ಸರಿ,
ಹದಿನಾಲ್ಕನೆಯದಕ್ಕೆ ಅವಸರ.
ಟಪ್ ಅಂದದ್ದು, ಅಷ್ಟೆ.
ಅಪ್ಪನ ಬೈಗುಳವನ್ನು ನನಗೆ ನಾನೇ ಬೈದುಕೊಂಡೆ, ಪೂರ್ತಿ,
ಅಮ್ಮಿಯ ಹೆಸರು ಬರುವಲ್ಲಿ ಮಾತ್ರ ನುಂಗಿಕೊಂಡು.

ತಿಪ್ಪೇಶಿಯ ಬೋರ್ಡಂಗಡಿಯಲ್ಲಿ ಹೊಸದು ಇರಲಿಲ್ಲ.
"ಇಳಿಸಿದ ಬೋರ್ಡೊಂದಿದೆ, ಅಕ್ಷರ ಕಿತ್ತು ಉಜ್ಜಿಟ್ಟಿದ್ದೀನಿ,
ಅರ್ಧ ರೇಟಿಗೆ ತಗೊಳ್ಳಿ ಜೈನಾಬಿ."
ಬೆಳಕಿಗೆ ಹಿಡಿದೆ. ಅದರಾಚೆ ಮಾರ್ಕೆಟ್ ರಸ್ತೆ,
ಬಾಳೆಹಣ್ಣಿನ ಗಾಡಿ, ಗಾಡಿಯವನ ಮೂಗಿನ ಮೇಲಿನ ನೊಣ.
ಇಷ್ಟು ಕಂಡರೆ ಸಾಕು ಅನ್ನಿಸಿತು.

ಸೋಪಿನ ನೀರು ಸಾಕು ಪೈಗಳೇ, ಪೆಟ್ರೋಲು ಮುಟ್ಟಿಸಬೇಡಿ,
ಒಣ ಬಟ್ಟೆಯಂತೂ ಬೇಡವೇ ಬೇಡ.
ತಲೆಯಾಡಿಸಿದರು. ಒರೆಸುತ್ತಾರೆ, ಗೊತ್ತು.

ಡಿಸೆಂಬರಿನ ಒಂದು ಬೆಳಗ್ಗೆ, ಷಟರ್ ಎತ್ತುವ ಮೊದಲೇ ಕಾರು.
"ಹತ್ತಮ್ಮ, ಒಂದು ತೋರಿಸಬೇಕು."
ಹತ್ತುವುದಲ್ಲ ಅದು, ಇಳಿಯುವುದು;
ನೆಲಕ್ಕೇ ಕೂತ ಹಾಗೆ ಕೂತೆ.
ಹೊರಗೆ ಮಂಜು, ಒಳಗೆ ಇಬ್ಬರ ಉಸಿರು.
ನನ್ನ ಪಕ್ಕದ ಹಾಳೆ ನಿಧಾನಕ್ಕೆ ಬೆಳ್ಳಗಾಯಿತು,
ಬೆಳ್ಳಗಾಗಲು ಒಪ್ಪದ ಕಡೆ ಅಕ್ಷರ ಎದ್ದವು,
ಅಂಟು ಕೂತಿದ್ದ ಜಾಗ, ಉಜ್ಜಿದರೂ ಹೋಗದ್ದು:

          ಬೆರಳ

ಅಲ್ಲಿಗೆ ನನ್ನ ಗರಗಸ ಹಾದಿತ್ತು.
ಯಾವುದೋ ಮುಚ್ಚಿಹೋದ ಬೆರಳಚ್ಚು ಶಾಲೆ;
ಉಳಿದ ಚ್ಚು ನನ್ನ ಅಂಗಡಿಯ ಮೂಲೆಯಲ್ಲಿ,
ಚೂರುಗಳ ಡಬ್ಬದಲ್ಲಿ.

ಬದಲಾಯಿಸಿ ಕೊಡ್ತೀನಿ, ದುಡ್ಡು ಬೇಡ, ಅಂದೆ.
"ಬಿಲ್ಲಿನಲ್ಲಿ ಇಲ್ಲದ್ದು ಬಂದರೆ ವಾಪಸು ಮಾಡಬಾರದು.
ಯಾವ ಖಾತೆಗೆ ಜಮೆ ಮಾಡಲಿ ಅನ್ನೋದೊಂದೇ ಯೋಚನೆ."
ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳನ್ನು
ಆ ಮೂರಕ್ಷರದ ಪಕ್ಕ ಒತ್ತಿ ತೆಗೆದೆ.
ಒಂದು ಸುತ್ತು ಗುರುತು ನಿಂತಿತು, ಗೆರೆಗೆರೆ,
ಒಂದು ಹನಿಯಾಗಿ ಇಳಿಯುವ ತನಕ.

ಕೈಮರದವರೆಗೆ ಹೋಗಿ ಬಂದೆವು.
ದಾರಿಯಲ್ಲಿ ಎಮ್ಮೆಯ ಕತೆ ಮುಗಿಸಿದರು.
ಎಮ್ಮೆಗೆ ಏನೂ ಆಗಿರಲಿಲ್ಲ.